ಐದು ದಿನ ದಾಟಿದ ಜ್ವರ ಮತ್ತು ಮಗುವಿನ ಎದೆಬಡಿತ

ಕೆಲವು ವರ್ಷಗಳ ಹಿಂದೆ ಮೂರು ವರ್ಷದ ಒಬ್ಬ ಹುಡುಗನನ್ನು ಅವನ ದಾದಿ ನನ್ನ ದವಾಖಾನೆಗೆ ಎತ್ತಿಕೊಂಡು ಬಂದರು. ಜ್ವರ ಬಂದು ಮೂರನೇ ದಿನ. ಕಣ್ಣು ಕೆಂಪಾಗಿತ್ತು, ಬೆನ್ನು ಹೊಟ್ಟೆಯ ಮೇಲೆ ಕೆಂಪು ದದ್ದು ಎದ್ದಿತ್ತು. ದಡಾರ ಇರಬಹುದು ಎಂದುಕೊಂಡು ಜ್ವರದ ಔಷಧಿ ಬರೆದೆ. ಗಂಜಿ, ಎಳನೀರು ಕುಡಿಸುತ್ತಿರಿ ಎಂದು ಹೇಳಿ ಕಳಿಸಿದೆ. ಜ್ವರ ಇಳಿಯದಿದ್ದರೆ ಯಾವ ದಿನ ಮತ್ತೆ ಬರಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಅದು ನನ್ನ ತಪ್ಪು. ಎಂಟನೇ ದಿನ ಅವರು ತಾವಾಗಿಯೇ ಬಂದರು. "ಹಕೀಮ್ ಸಾಬ್, ಸಿರಪ್ ಕೊಟ್ಟಾಗ ಇಳಿಯುತ್ತದೆ, ನಾಲ್ಕು ತಾಸಿಗೆ ಮತ್ತೆ ಏರುತ್ತದೆ. ಮಗು ಯಾರ ಕೈಗೂ ಬರುತ್ತಿಲ್ಲ" ಎಂದರು. ತುಟಿ ಒಡೆದು ರಕ್ತ ಒಸರುತ್ತಿತ್ತು. ನಾಲಗೆ ಕೆಂಪಾಗಿ ಸ್ಟ್ರಾಬೆರಿ ಹಣ್ಣಿನ ಹಾಗೆ ಕಾಳುಕಾಳಾಗಿತ್ತು. ಅಂಗೈ, ಪಾದಗಳು ಊದಿದ್ದವು. ನಾಡಿ ಹಿಡಿದಾಗ ಜ್ವರದ ಲೆಕ್ಕಕ್ಕಿಂತ ತುಂಬಾ ಜೋರಾಗಿ ಓಡುತ್ತಿತ್ತು.

ಅಂದೇ ಅವರನ್ನು ಮಕ್ಕಳ ಹೃದಯ ತಜ್ಞರಿರುವ ಆಸ್ಪತ್ರೆಗೆ ಕಳಿಸಿದೆ. ಹುಡುಗನಿಗೆ ಇದ್ದದ್ದು ಕವಾಸಾಕಿ ಕಾಯಿಲೆ. ಇಸಿಜಿಯಲ್ಲಿ ಹೃದಯದ ವಿದ್ಯುತ್ ಸಂಜ್ಞೆ ಮೇಲಿನಿಂದ ಕೆಳಗೆ ಇಳಿಯಲು ತಡವಾಗುತ್ತಿರುವುದು ಕಂಡಿತ್ತು. ಎಕೋ ಪರೀಕ್ಷೆಯಲ್ಲಿ ಹೃದಯದ ಒಂದು ರಕ್ತನಾಳ ಸ್ವಲ್ಪ ಅಗಲವಾಗಿತ್ತು. ಒಂಬತ್ತನೇ ದಿನ ಚಿಕಿತ್ಸೆ ಸಿಕ್ಕಿತು. ಹುಡುಗ ಗುಣವಾದ, ರಕ್ತನಾಳವೂ ಸರಿಹೋಯಿತು. ಇನ್ನು ಎರಡು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕಾಗಿಯೇ ಈ ತಿಂಗಳು ಈ ವಿಷಯ.

ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1961ರಲ್ಲಿ ಟೋಕಿಯೊದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನನ್ನು ನೋಡಿದರು. ಆ ಲಕ್ಷಣಗಳು ಅವರು ಕಲಿತ ಯಾವ ರೋಗಕ್ಕೂ ಹೊಂದಲಿಲ್ಲ. ಅಂಥ ಮಕ್ಕಳನ್ನು ಒಬ್ಬೊಬ್ಬರಾಗಿ ಗುರುತಿಸಿ ಬರೆದಿಟ್ಟು, 50 ಮಕ್ಕಳ ವಿವರವನ್ನು 1967ರಲ್ಲಿ ಪ್ರಕಟಿಸಿದರು. ಮೊದಲಿಗೆ ಇದು ತಾನಾಗಿ ಬಂದು ತಾನಾಗಿ ಹೋಗುವ ಜ್ವರ ಎಂದೇ ಭಾವಿಸಲಾಗಿತ್ತು. ಗುಣವಾದಂತೆ ಕಂಡ ಕೆಲವು ಮಕ್ಕಳು ಹಠಾತ್ತನೆ ತೀರಿಕೊಂಡಾಗಲೇ ಹೃದಯದ ಕಡೆ ಗಮನ ಹರಿದದ್ದು. ಇಂದಿಗೂ ಜಪಾನಿನಲ್ಲಿಯೇ ಇದು ಅತಿ ಹೆಚ್ಚು. ಅಲ್ಲಿ ಐದು ವರ್ಷದೊಳಗಿನ ಪ್ರತಿ 1 ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 300ಕ್ಕೂ ಹೆಚ್ಚು ಮಕ್ಕಳಿಗೆ ಬರುತ್ತದೆ. ನಮ್ಮ ದೇಶದಲ್ಲಿ ಚಂಡೀಗಢದ ಪಿಜಿಐ ಸಂಸ್ಥೆಯ ವೈದ್ಯರು ದಶಕಗಳಿಂದ ಇಂಥ ಮಕ್ಕಳನ್ನು ನೋಡುತ್ತಾ, ಅದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಆದ್ದರಿಂದ "ಇದು ಜಪಾನಿನ ರೋಗ, ನಮಗೇಕೆ" ಎನ್ನುವಂತಿಲ್ಲ.

ಇದು ರಕ್ತನಾಳಗಳ ಗೋಡೆಗೆ ಬರುವ ಉರಿಯೂತ. ಯುನಾನಿಯಲ್ಲಿ ನಾವು ವರಮ್ ಎನ್ನುತ್ತೇವಲ್ಲ, ಅದು ನಾಳದ ಗೋಡೆಯಲ್ಲೇ ಹುಟ್ಟಿದ ಹಾಗೆ. ಮೈಯ ರಕ್ಷಣಾ ವ್ಯವಸ್ಥೆ ಯಾವುದೋ ಕಾರಣಕ್ಕೆ ಕೆರಳಿ ಮಧ್ಯಮ ಗಾತ್ರದ ಅಪಧಮನಿಗಳ ಮೇಲೆ, ಅದರಲ್ಲೂ ಹೃದಯಕ್ಕೆ ರಕ್ತ ಕೊಡುವ ಕೊರೊನರಿ ಅಪಧಮನಿಗಳ ಮೇಲೆ ಎರಗುತ್ತದೆ. ಕೆರಳಿಸುವುದು ಏನು ಎಂಬುದು ವೈದ್ಯಲೋಕಕ್ಕೆ ಇನ್ನೂ ಗೊತ್ತಾಗಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಾಯಿ ಏನು ತಿಂದಳು, ಮಗುವಿಗೆ ಯಾರ ದೃಷ್ಟಿ ತಾಗಿತು ಎಂದು ಮನೆಯಲ್ಲಿ ಮಾತಾಡುವುದು ಬೇಡ. ಆ ತಾಯಿ ಮೊದಲೇ ನಿದ್ದೆಗೆಟ್ಟಿರುತ್ತಾಳೆ.

ಯಾವ ಜ್ವರಕ್ಕೆ ಎಚ್ಚರ ಬೇಕು?

ಐದು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಡದ ಜ್ವರ ಮೊದಲ ಗುರುತು. ಅದರ ಜೊತೆಗೆ ಎರಡೂ ಕಣ್ಣು ಕೆಂಪಾಗಿರುತ್ತವೆ, ಆದರೆ ಕಣ್ಣುಬೇನೆಯಂತೆ ಗೀಜು ಕಟ್ಟುವುದಿಲ್ಲ. ತುಟಿ ಕೆಂಪಾಗಿ ಒಡೆಯುತ್ತದೆ, ನಾಲಗೆ ನಾನು ಹೇಳಿದಂತೆ ಆಗುತ್ತದೆ. ಮೈಮೇಲೆ ದದ್ದು. ಅಂಗೈ ಅಂಗಾಲು ಕೆಂಪಾಗಿ ಊದುವುದು. ಎರಡು ಮೂರು ವಾರದ ಹೊತ್ತಿಗೆ ಉಗುರಿನ ಬುಡದಿಂದ ಚರ್ಮ ಸುಲಿಯುವುದು. ಕುತ್ತಿಗೆಯ ಒಂದು ಬದಿಯಲ್ಲಿ ಗಂಟು. ಈ ಐದರಲ್ಲಿ ನಾಲ್ಕು ಇದ್ದರೆ ರೋಗ ಬಹುತೇಕ ಖಚಿತ. ಇವೆಲ್ಲ ಒಂದೇ ದಿನ ಒಟ್ಟಿಗೆ ಕಾಣುವುದಿಲ್ಲ ಎಂಬುದೇ ತೊಡಕು. ಸೋಮವಾರ ಇದ್ದ ದದ್ದು ಬುಧವಾರ ಮಾಯವಾಗಿ, ಗುರುವಾರ ಕಣ್ಣು ಕೆಂಪಾಗಬಹುದು. ಆದ್ದರಿಂದ ಮೊಬೈಲಿನಲ್ಲಿ ದಿನದಿನದ ಫೋಟೊ ತೆಗೆದಿಟ್ಟುಕೊಳ್ಳಿ. ವೈದ್ಯರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಇಲ್ಲ.

ನಮ್ಮ ದೇಶದ ತಾಯಂದಿರಿಗೆ ಇನ್ನೊಂದು ಗುರುತು ಸಹಾಯಕ್ಕೆ ಬರುತ್ತದೆ. ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ ಚುಚ್ಚುಮದ್ದಿನ ಕಲೆ ಈ ರೋಗದಲ್ಲಿ ಇದ್ದಕ್ಕಿದ್ದಂತೆ ಕೆಂಪಾಗಿ ಉಬ್ಬಬಹುದು. ಎಲ್ಲ ಮಕ್ಕಳಲ್ಲೂ ಆಗುವುದಿಲ್ಲ, ಆದರೆ ಆದಾಗ ಅದನ್ನು ಕಡೆಗಣಿಸಬಾರದು. ಡೆಂಗಿ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸುವುದು ಈಗ ಸಾಮಾನ್ಯ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಇಲ್ಲಿ ಎರಡನೇ ವಾರದ ಹೊತ್ತಿಗೆ ವಿಪರೀತ ಏರುತ್ತದೆ. "ಪ್ಲೇಟ್‌ಲೆಟ್ ಚೆನ್ನಾಗಿದೆ, ಭಯವಿಲ್ಲ" ಎಂದು ಮನೆಗೆ ಹೋಗುವ ಮುನ್ನ ಇದು ನೆನಪಿರಲಿ.

ಆರು ತಿಂಗಳೊಳಗಿನ ಕೂಸುಗಳ ವಿಷಯ ಇನ್ನೂ ಕಷ್ಟ. ಅವರಲ್ಲಿ ಲಕ್ಷಣಗಳು ಪೂರ್ತಿ ಕಾಣಿಸುವುದಿಲ್ಲ, ಹೃದಯಕ್ಕೆ ಆಗುವ ಹಾನಿ ಮಾತ್ರ ಹೆಚ್ಚು. ಆ ವಯಸ್ಸಿನ ಕೂಸಿಗೆ ಕಾರಣ ಸಿಗದ ಜ್ವರ ಏಳು ದಿನ ಮುಟ್ಟಿದರೆ, ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ರಕ್ತ ಪರೀಕ್ಷೆ ಮತ್ತು ಎಕೋ ಆಗಬೇಕು.

ಹೃದಯದೊಳಗಿನ ವಿದ್ಯುತ್

ಕವಾಸಾಕಿ ಎಂದಾಗ ಎಲ್ಲರೂ ಹೇಳುವುದು ರಕ್ತನಾಳದ ಉಬ್ಬಿನ ಬಗ್ಗೆ. ಅದು ಸರಿಯೇ. ಆದರೆ ಅದಕ್ಕೂ ಮೊದಲು, ಮೊದಲ ವಾರದಲ್ಲಿಯೇ ಹೃದಯದ ಸ್ನಾಯುವಿಗೆ ಉರಿಯೂತ ತಗಲುತ್ತದೆ. ಸ್ನಾಯುವಿನ ನಡುವೆಯೇ ಹೃದಯದ ವಿದ್ಯುತ್ ದಾರಿಯೂ ಹಾದುಹೋಗುತ್ತದೆ. ಹಾಗಾಗಿ ಅದೂ ಕೆಡುತ್ತದೆ.

ಹೃದಯದ ಮೇಲ್ಭಾಗದಲ್ಲಿ, ಬಲ ಮೇಲಿನ ಕೋಣೆಯಲ್ಲಿ, ಸೈನಸ್ ನೋಡ್ ಎಂಬ ಸಣ್ಣ ಗುಂಪು ಜೀವಕೋಶಗಳಿವೆ. ಪ್ರತಿ ಬಡಿತದ ಆಜ್ಞೆ ಹುಟ್ಟುವುದು ಅಲ್ಲಿ. ಆ ಸಂಜ್ಞೆ ಮೇಲಿನ ಕೋಣೆಗಳಲ್ಲಿ ಹರಡಿ, ಮಧ್ಯದ ಎವಿ ನೋಡ್ ಎಂಬ ಠಾಣೆಗೆ ಬಂದು, ಅಲ್ಲಿ ಕ್ಷಣಕಾಲ ತಡೆದು, ಕೆಳಗಿನ ದೊಡ್ಡ ಕೋಣೆಗಳಿಗೆ ಇಳಿಯುತ್ತದೆ. ಎವಿ ನೋಡನ್ನು 1906ರಲ್ಲಿ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಸುನಾವೊ ತವಾರಾ ವಿವರಿಸಿದರು. ಅವರೂ ಜಪಾನಿನವರೇ.

ಈದ್ಗಾದಲ್ಲಿ ಮೈಕ್ ಇಲ್ಲದ ಕಾಲದ ನಮಾಝನ್ನು ನೆನೆಸಿಕೊಳ್ಳಿ. ಇಮಾಮರ ತಕ್ಬೀರ್ ಮುಂದಿನ ಸಫ್‌ಗಳಿಗೆ ಕೇಳುತ್ತದೆ. ಹಿಂದಿನವರಿಗೆ ಕೇಳಲೆಂದು ನಡುವೆ ಮುಕಬ್ಬಿರ್ ನಿಂತು ಅದನ್ನೇ ಗಟ್ಟಿಯಾಗಿ ಕೂಗುತ್ತಾನೆ. ಸೈನಸ್ ನೋಡ್ ಇಮಾಮ್, ಎವಿ ನೋಡ್ ಮುಕಬ್ಬಿರ್, ಕೆಳಗಿನ ಕೋಣೆಗಳು ಹಿಂದಿನ ಸಫ್‌ಗಳು. ಮುಕಬ್ಬಿರನ ಗಂಟಲು ಕಟ್ಟಿ ಪ್ರತಿ ಸಲವೂ ತುಸು ತಡವಾಗಿ ಕೂಗಿದರೆ ಹಿಂದಿನವರು ಎಲ್ಲವನ್ನೂ ಮಾಡುತ್ತಾರೆ, ಸ್ವಲ್ಪ ಹಿಂದೆ ಬೀಳುತ್ತಾರೆ ಅಷ್ಟೆ. ನಡುನಡುವೆ ಒಂದು ತಕ್ಬೀರನ್ನು ಬಿಟ್ಟರೆ ಅವರು ಒಂದು ಚಲನೆಯನ್ನೇ ತಪ್ಪುತ್ತಾರೆ. ಅವನು ಪೂರ್ತಿ ಮೌನವಾದರೆ ಹಿಂದಿನವರು ತಮ್ಮ ಪಾಡಿಗೆ ತಾವು, ಬೇರೆಯದೇ ಲಯದಲ್ಲಿ ಮುಂದುವರಿಯಬೇಕಾಗುತ್ತದೆ.

ಕವಾಸಾಕಿಯಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲನೆಯದು. ಇಸಿಜಿ ವರದಿಯಲ್ಲಿ "ಪಿಆರ್ ಅವಧಿ ಹೆಚ್ಚಾಗಿದೆ" ಎಂದೋ "ಫಸ್ಟ್ ಡಿಗ್ರಿ ಬ್ಲಾಕ್" ಎಂದೋ ಬರೆದಿರುತ್ತಾರೆ. ಬ್ಲಾಕ್ ಎಂಬ ಪದ ನೋಡಿ ತಂದೆತಾಯಿ ಬೆವರುತ್ತಾರೆ. ದೊಡ್ಡವರಿಗೆ ಸ್ಟೆಂಟ್ ಹಾಕುವ ಬ್ಲಾಕ್ ಬೇರೆ, ಇದು ಬೇರೆ. ಇದು ಸಂಜ್ಞೆಯ ತಡ ಮಾತ್ರ. ಇಸಿಜಿ ಕಾಗದದ ಒಂದು ಸಣ್ಣ ಚೌಕ 0.04 ಸೆಕೆಂಡ್. ಇಲ್ಲಿ ಒಂದೆರಡು ಚೌಕದಷ್ಟು ತಡದ ಮಾತು. ಮಗುವಿಗೆ ಅದು ಗೊತ್ತೇ ಆಗುವುದಿಲ್ಲ, ಬಹುಪಾಲು ಮಕ್ಕಳಲ್ಲಿ ರೋಗ ಇಳಿದಂತೆ ಅದೂ ಸರಿಹೋಗುತ್ತದೆ. ಆದರೂ ವೈದ್ಯರು ಅದನ್ನು ಗಂಭೀರವಾಗಿ ನೋಡುವುದು ಏಕೆಂದರೆ, ಉರಿಯೂತ ಹೃದಯದ ಒಳಗೆ ತಲುಪಿದೆ ಎಂಬುದಕ್ಕೆ ಅದು ಸಾಕ್ಷಿ. ಈ ರೋಗದಿಂದ ತೀರಿಕೊಂಡ ಮಕ್ಕಳ ಹೃದಯವನ್ನು ಪರೀಕ್ಷಿಸಿದಾಗ ಸಂಜ್ಞೆ ಒಯ್ಯುವ ಅಂಗಾಂಶದಲ್ಲಿಯೇ ಉರಿಯೂತ ಕಂಡುಬಂದಿದೆ. ಎರಡನೆಯ, ಮೂರನೆಯ ಹಂತದ ಬ್ಲಾಕ್ ಅಪರೂಪ.

ಇನ್ನೊಂದು ಬದಲಾವಣೆ ಮರುಚಾರ್ಜಿನದು. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಮುಂದಿನ ಬಡಿತಕ್ಕಾಗಿ ಮತ್ತೆ ಚಾರ್ಜ್ ಆಗಬೇಕು. ಇಸಿಜಿಯಲ್ಲಿ ಇದನ್ನು ತೋರಿಸುವುದು ಟಿ ಅಲೆ. ಬಡಿತ ಆರಂಭವಾಗಿ ಮರುಚಾರ್ಜ್ ಮುಗಿಯುವವರೆಗಿನ ಹೊತ್ತು ಕ್ಯೂಟಿ ಅವಧಿ. ಉರಿಯೂತ ತಗಲಿದ ಸ್ನಾಯು ಎಲ್ಲ ಕಡೆ ಒಂದೇ ವೇಗದಲ್ಲಿ ಚಾರ್ಜ್ ಆಗುವುದಿಲ್ಲ. ಒಂದು ಭಾಗ ಸಿದ್ಧವಾಗಿರುತ್ತದೆ, ಪಕ್ಕದ ಭಾಗ ಇನ್ನೂ ಖಾಲಿ. ಟಿ ಅಲೆ ಚಪ್ಪಟೆಯಾಗುತ್ತದೆ, ಕೆಲವು ಮಕ್ಕಳಲ್ಲಿ ಕ್ಯೂಟಿ ಉದ್ದವಾಗುತ್ತದೆ. ಇಂಥ ಅಸಮ ಸ್ಥಿತಿಯಲ್ಲಿ ತಪ್ಪು ಹೊತ್ತಿನಲ್ಲಿ ಒಂದು ಹೆಚ್ಚುವರಿ ಬಡಿತ ಹುಟ್ಟಿದರೆ ಲಯ ತಪ್ಪಲು ದಾರಿಯಾಗುತ್ತದೆ.

ಇಲ್ಲಿ ನಮ್ಮ ಊರುಗಳ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಜ್ವರ ಬಿಡದಿದ್ದರೆ ಮೆಡಿಕಲ್ ಶಾಪಿನಿಂದ ಅಜಿತ್ರೊಮೈಸಿನ್, ವಾಂತಿಯಾದರೆ ಒಂಡಾನ್ಸೆಟ್ರಾನ್ ತಂದು ಕುಡಿಸುತ್ತಾರೆ. ಎರಡೂ ಒಳ್ಳೆಯ ಔಷಧಿಗಳೇ, ಆದರೆ ಎರಡಕ್ಕೂ ಕ್ಯೂಟಿ ಅವಧಿಯನ್ನು ಉದ್ದಗೊಳಿಸುವ ಗುಣ ಇದೆ. ಹೃದಯಕ್ಕೆ ಉರಿಯೂತ ತಗಲಿರುವ ಮಗುವಿಗೆ ಚೀಟಿ ಇಲ್ಲದೆ ಇವನ್ನು ಕೊಡಬೇಡಿ. ಆಸ್ಪತ್ರೆಗೆ ಹೋದಾಗ ಈಗಾಗಲೇ ಏನೇನು ಕೊಟ್ಟಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಹಕೀಮರು ಕೊಟ್ಟ ಮಾಜೂನ್ ಇದ್ದರೆ ಅದನ್ನೂ ಹೇಳಿ.

ನಾಡಿಯ ಬಗ್ಗೆ ಒಂದು ಮಾತು. ಇಬ್ನ್ ಸೀನಾ ಅಲ್-ಕಾನೂನ್ ಗ್ರಂಥದಲ್ಲಿ ನಬ್ಝಿನ ಬಗೆಗಳನ್ನು ವಿವರಿಸಿ ಜಿಂಕೆಯ ನೆಗೆತ, ಅಲೆ, ಇಲಿಯ ಬಾಲ, ಇರುವೆಯ ನಡಿಗೆ ಎಂದೆಲ್ಲ ಹೆಸರಿಟ್ಟಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ಅದನ್ನು ಓದಿ ಬೆರಗಾಗಿದ್ದೆ, ಈಗಲೂ ನಾಡಿ ಹಿಡಿಯದೆ ರೋಗಿಯನ್ನು ಕಳಿಸುವುದಿಲ್ಲ. ಆದರೆ ಬೆರಳಿಗೆ ತಿಳಿಯುವುದು ವೇಗ, ಬಲ ಮತ್ತು ಲಯ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂಜ್ಞೆ ಒಂದು ಚೌಕದಷ್ಟು ತಡವಾಗಿ ಇಳಿಯಿತು ಎಂಬುದು ಯಾವ ಹಕೀಮನ ಬೆರಳಿಗೂ ತಿಳಿಯದು. ಅದಕ್ಕೆ ಇಸಿಜಿಯೇ ಬೇಕು. ನಾಡಿ ನೋಡಿಯೇ ಎಲ್ಲ ಹೇಳುತ್ತೇನೆ ಎನ್ನುವವರಿಂದ ದೂರವಿರಿ, ಅವರು ನನ್ನ ಪದ್ಧತಿಯವರಾಗಿದ್ದರೂ ಸರಿ.

ವೇಗವನ್ನು ನೀವೂ ಮನೆಯಲ್ಲಿ ನೋಡಬಹುದು. ಮಗು ನಿದ್ದೆಯಲ್ಲಿರುವಾಗ ಎಡ ಎದೆಯ ಮೇಲೆ ಅಂಗೈ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಮೂರು ವರ್ಷದ ಮಗುವಿಗೆ ಸುಮಾರು 80ರಿಂದ 120 ಬಡಿತ ಸಹಜ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಹತ್ತು ಬಡಿತ ಹೆಚ್ಚುತ್ತದೆ. ಜ್ವರ ಇಳಿದು, ಮಗು ಮಲಗಿದ ಮೇಲೂ ಬಡಿತ ಇಳಿಯದಿದ್ದರೆ ಅದನ್ನು ಬರೆದಿಟ್ಟು ವೈದ್ಯರಿಗೆ ಹೇಳಿ.

ಜ್ವರ ಬಿಟ್ಟ ಮೇಲಿನ ಅಪಾಯ

ಎರಡನೇ ವಾರದ ಹೊತ್ತಿಗೆ, ಚಿಕಿತ್ಸೆ ಇಲ್ಲದಿದ್ದರೂ ಜ್ವರ ಬಿಡಬಹುದು. ಮನೆಯವರು ನಿರಾಳರಾಗುವುದು ಆಗ. ಹೃದಯದ ರಕ್ತನಾಳ ಉಬ್ಬುವುದೂ ಆಗಲೇ. ಚಿಕಿತ್ಸೆ ಸಿಗದ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹೀಗೆ ಆಗುತ್ತದೆ. ಈ ವಯಸ್ಸಿನಲ್ಲಿ ಕೊರೊನರಿ ನಾಳದ ಅಗಲ ಸುಮಾರು 2 ಮಿಲಿಮೀಟರ್. ಅದು 8 ಮಿಲಿಮೀಟರ್ ದಾಟಿದರೆ ದೈತ್ಯ ಉಬ್ಬು ಎನ್ನುತ್ತಾರೆ. ಉಬ್ಬಿದ ಜಾಗದಲ್ಲಿ ರಕ್ತ ನಿಧಾನವಾಗಿ ಸುಳಿಯುತ್ತದೆ, ಪ್ಲೇಟ್‌ಲೆಟ್ ಆ ಹೊತ್ತಿಗೆ ಏರಿರುತ್ತದೆ. ಹೆಪ್ಪುಗಟ್ಟಲು ಇದಕ್ಕಿಂತ ಅನುಕೂಲ ಬೇಕಿಲ್ಲ. ಹೆಪ್ಪು ನಾಳವನ್ನು ಮುಚ್ಚಿದರೆ ಪುಟ್ಟ ಮಗುವಿಗೂ ಹೃದಯಾಘಾತವಾಗುತ್ತದೆ.

ವಿದ್ಯುತ್ ದಾರಿಗೂ ಇದಕ್ಕೂ ನೇರ ನಂಟಿದೆ. ಎವಿ ನೋಡಿಗೆ ಬಹುತೇಕರಲ್ಲಿ ರಕ್ತ ಬರುವುದು ಬಲ ಕೊರೊನರಿ ನಾಳದಿಂದ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸೈನಸ್ ನೋಡಿಗೂ ಅದರಿಂದಲೇ. ಆ ನಾಳ ಮುಚ್ಚಿದರೆ ಬಡಿತ ಒಮ್ಮೆಲೇ ನಿಧಾನವಾಗಬಹುದು. ಕೆಳಗಿನ ಕೋಣೆಗಳಿಗೆ ರಕ್ತ ತಪ್ಪಿದರೆ ಅಲ್ಲಿಂದಲೇ ಹುಚ್ಚು ಬಡಿತ ಹುಟ್ಟಿ ಮಗು ಪ್ರಜ್ಞೆ ತಪ್ಪಬಹುದು. ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆಯಲ್ಲಿ ಸಂಜ್ಞೆ ಹರಿಯುವುದಿಲ್ಲ. ಅದರ ಸುತ್ತ ಬಳಸಿ ಹೋಗಿ, ಗಾಣದ ಎತ್ತಿನಂತೆ ಅಲ್ಲೇ ಸುತ್ತುತ್ತಾ ನಿಲ್ಲಬಹುದು. ವರ್ಷಗಳ ನಂತರ, ಆಟದ ಮೈದಾನದಲ್ಲಿ ಓಡುವಾಗ ಕುಸಿದುಬೀಳುವ ಹುಡುಗನಲ್ಲಿ ಇದು ಕಾರಣವಾಗಿರುವುದುಂಟು.

ಚಿಕ್ಕ ಮಗು ಎದೆನೋವು ಎಂದು ಹೇಳುವುದಿಲ್ಲ. ಸಮಾಧಾನ ಮಾಡಲಾಗದ ಅಳು, ವಾಂತಿ, ಹೊಟ್ಟೆನೋವು, ಮುಖ ಬಿಳಿಚಿ ಮೈ ತಣ್ಣಗಾಗುವುದು, ಇವೇ ಅದರ ಭಾಷೆ. ಕವಾಸಾಕಿ ಬಂದುಹೋದ ಮಗುವಿನಲ್ಲಿ, ಅದರಲ್ಲೂ ಮೊದಲ ವರ್ಷದಲ್ಲಿ, ಇದು ಕಂಡರೆ ಓಮ ಕುದಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.

ಚಿಕಿತ್ಸೆ ಇದೆ. ಐವಿಐಜಿ ಎಂಬ ದ್ರವವನ್ನು ರಕ್ತನಾಳದ ಮೂಲಕ 10–12 ಗಂಟೆ ನಿಧಾನವಾಗಿ ಕೊಡುತ್ತಾರೆ. ಸಾವಿರಾರು ದಾನಿಗಳ ರಕ್ತರಸದಿಂದ ಶುದ್ಧೀಕರಿಸಿದ ರೋಗನಿರೋಧಕ ಪ್ರೋಟೀನ್ ಅದು. ಹತ್ತು ದಿನದೊಳಗೆ ಕೊಟ್ಟರೆ ನಾಳ ಉಬ್ಬುವ ಸಂಭವ ನೂರಕ್ಕೆ 20–25ರಿಂದ ಸುಮಾರು 4–5ಕ್ಕೆ ಇಳಿಯುತ್ತದೆ. ಒಂದು ಸಲಕ್ಕೆ ಬಗ್ಗದಿದ್ದರೆ ಮತ್ತೊಮ್ಮೆ, ಅಥವಾ ಸ್ಟೀರಾಯ್ಡ್ ಮುಂತಾದವು ಬೇಕಾಗುತ್ತವೆ. ಪ್ರತಿ ಕೆಜಿ ತೂಕಕ್ಕೆ 2 ಗ್ರಾಂ ಪ್ರಮಾಣ. 15 ಕೆಜಿಯ ಮಗುವಿಗೆ 30 ಗ್ರಾಂ. ಇದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ, ಮನೆಯವರು ತಡಮಾಡುವುದು ಇಲ್ಲಿಯೇ. ಆಸ್ಪತ್ರೆಯ ಸಮಾಜ ಸೇವಕರನ್ನು, ಜಮಾಅತಿನ ಹಿರಿಯರನ್ನು ಅಂದೇ ಕೇಳಿ. ಮದುವೆಗೆ ಹಣ ಕೇಳಲು ನಾಚದ ನಾವು ಮಗುವಿನ ಔಷಧಿಗೆ ಕೇಳಲು ನಾಚಿ ಎರಡು ದಿನ ಕಳೆಯುವುದನ್ನು ನೋಡಿದ್ದೇನೆ.

ಜೊತೆಗೆ ಆಸ್ಪಿರಿನ್ ಇರುತ್ತದೆ, ಸಾಮಾನ್ಯವಾಗಿ 6ರಿಂದ 8 ವಾರ. ನಾಳ ಉಬ್ಬಿದ್ದರೆ ಇನ್ನೂ ಹೆಚ್ಚು ಕಾಲ. ಮಗು ಆಟವಾಡುತ್ತಿದೆಯಲ್ಲ ಎಂದು ನಡುವೆ ನಿಲ್ಲಿಸಬೇಡಿ. ಆ ದಿನಗಳಲ್ಲಿ ಐಬುಪ್ರೊಫೆನ್ ಸಿರಪ್ ಬೇಡ, ಅದು ಆಸ್ಪಿರಿನ್ನಿನ ಕೆಲಸವನ್ನು ಕೆಡಿಸುತ್ತದೆ. ಆಸ್ಪಿರಿನ್ ತೆಗೆದುಕೊಳ್ಳುವ ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು ತಗಲಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಅಪರೂಪಕ್ಕೆ ಮಿದುಳು, ಯಕೃತ್ತಿಗೆ ಪೆಟ್ಟಾಗುವ ಭಯ ಇದೆ. ಐವಿಐಜಿ ಕೊಟ್ಟ ಮೇಲೆ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ, ಇಲ್ಲದಿದ್ದರೆ ಲಸಿಕೆ ಮೈಗೆ ಹತ್ತುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತಾಯಿ ಕಾರ್ಡಿನ ಜೊತೆ ಡಿಸ್ಚಾರ್ಜ್ ಚೀಟಿಯನ್ನೂ ತೋರಿಸಿ.

ಯುನಾನಿಯಲ್ಲಿ ಇದಕ್ಕೆ ಔಷಧಿ ಇಲ್ಲವೇ ಎಂದು ಕೇಳುವವರಿದ್ದಾರೆ. ಆಸ್ಪಿರಿನ್ನಿನ ಮೂಲವಾದ ಸ್ಯಾಲಿಸಿಲಿಕ್ ಎಂಬ ಹೆಸರು ಬಂದದ್ದು ನಾವು ಅರಕ್ ಇಳಿಸುವ ಬೇದ್‌ಮುಷ್ಕ್ ಮರದ ಕುಲದ ಲ್ಯಾಟಿನ್ ಹೆಸರಿನಿಂದಲೇ. ಹಾಗೆಂದು ಅರಕ್ ಆಸ್ಪಿರಿನ್ ಆಗುವುದಿಲ್ಲ, ಖಮೀರಾ ಗಾವ್‌ಝಬಾನ್ ಐವಿಐಜಿ ಆಗುವುದಿಲ್ಲ. ಈ ರೋಗದ ಮೊದಲ ಹತ್ತು ದಿನ ನನ್ನಂಥವನ ಕೆಲಸ ಒಂದೇ: ಗುರುತಿಸುವುದು, ಕಳಿಸುವುದು. ಮಗು ಮನೆಗೆ ಬಂದ ಮೇಲೆ ಹಸಿವು, ನಿದ್ದೆ, ಆಹಾರದ ಬಗ್ಗೆ ನನ್ನ ಬಳಿ ಬನ್ನಿ, ಆಗಲೂ ಹೃದಯ ತಜ್ಞರ ಚೀಟಿ ಕೈಯಲ್ಲಿರಲಿ.

ಎಕೋವನ್ನು ರೋಗ ಗುರುತಿಸಿದಾಗ, ಒಂದೆರಡು ವಾರದಲ್ಲಿ, ಮತ್ತೆ 4–6 ವಾರದಲ್ಲಿ ಮಾಡುತ್ತಾರೆ. ಎಲ್ಲ ಸರಿಯಿದ್ದ ಮಗು ಮಾಮೂಲಿನಂತೆ ಓಡಬಹುದು, ಆಡಬಹುದು. ನಾಳ ಉಬ್ಬಿದ್ದ ಮಗುವಿಗೆ ವರ್ಷ ವರ್ಷ ಇಸಿಜಿ, ಎಕೋ ಬೇಕು. ಯಾವ ಆಟ, ಎಷ್ಟು ಓಟ, ದೊಡ್ಡವನಾದಾಗ ರೋಝಾ ಹಿಡಿಯುವುದು ಹೇಗೆ ಎಂಬುದನ್ನೂ ಹೃದಯ ತಜ್ಞರನ್ನೇ ಕೇಳಬೇಕು. ಇಸಿಜಿ ಕಾಗದದ ಅಕ್ಷರ ಕೆಲವು ವರ್ಷಗಳಲ್ಲಿ ಮಾಸುತ್ತದೆ. ಅದರ ಝೆರಾಕ್ಸ್ ಮಾಡಿಸಿ, ಎಕೋ ವರದಿಯ ಜೊತೆ ಒಂದು ಫೈಲಿನಲ್ಲಿಟ್ಟು, ಮಗಳು ಮದುವೆಯಾಗಿ ಹೋಗುವಾಗ ಅಥವಾ ಮಗ ಕೆಲಸಕ್ಕೆ ಗಲ್ಫಿಗೆ ಹೊರಡುವಾಗ ಪಾಸ್‌ಪೋರ್ಟಿನ ಜೊತೆ ಅದನ್ನೂ ಕೈಗೆ ಕೊಡಿ.